ಅಕ್ವೇರಿಯಂ ಮೀನಿನ ಚಿತ್ರಕ್ಕೆ ಫ್ಲ್ಯಾಶ್: ಕ್ಯಾಮೆರಾದ ಮೇಲೋ, ತೊಟ್ಟಿಯ ಮೇಲೋ?

ಕ್ಯಾಮೆರಾಕ್ಕೆ ಸಿಕ್ಕಿಸಿದ ಫ್ಲ್ಯಾಶಿನ ಬೆಳಕು ಗಾಜಿಗೆ ನೇರವಾಗಿ ಬಡಿದರೆ, ಅದು ಅಲ್ಲಿಂದಲೇ ಲೆನ್ಸಿಗೆ ಮರಳಿ ಚಿತ್ರದ ನಡುವೆ ಬಿಳಿ ಮಚ್ಚೆಯಾಗಿ ಕೂರುತ್ತದೆ. ಕ್ಯಾಮೆರಾವನ್ನು ಓರೆಯಾಗಿ ಹಿಡಿದು ಇದನ್ನು ತಪ್ಪಿಸಬಹುದಾದರೂ, ದಪ್ಪ ಗಾಜಿನ ಮೂಲಕ ಓರೆಯಾಗಿ ನೋಡಿದಷ್ಟೂ ಮೀನಿನ ಅಂಚುಗಳು ಮಸುಕಾಗಿ, ಅವುಗಳ ಸುತ್ತ ಬಣ್ಣದ ಗೆರೆಗಳು ಮೂಡುತ್ತವೆ. ಲೆನ್ಸಿನ ಮುಂದೆ ಸಿಕ್ಕಿಸುವ ರಬ್ಬರ್ ಹುಡ್ಡನ್ನು (ಸುತ್ತಲಿನ ಬೆಳಕು ತಡೆಯುವ ಮರೆ) ಗಾಜಿಗೆ ಒತ್ತಿ ಹಿಡಿದರೆ ಕೋಣೆಯ ಪ್ರತಿಬಿಂಬಗಳು ಮಾಯವಾಗುತ್ತವೆ. ಆದರೆ ನೀರಿನಲ್ಲಿ ತೇಲುವ ಕಣಗಳು ಮುಂದಿನಿಂದ ಬಿದ್ದ ಬೆಳಕಿಗೆ ಹೊಳೆಯುವುದು ನಿಲ್ಲುವುದಿಲ್ಲ.

ಫ್ಲ್ಯಾಶನ್ನು ಕ್ಯಾಮೆರಾದಿಂದ ಬೇರ್ಪಡಿಸಿ, ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಭದ್ರವಾಗಿರಿಸಿ, ತಂತಿಯಿಲ್ಲದೆ ಸಂಕೇತ ಕಳಿಸುವ ರೇಡಿಯೋ ಟ್ರಿಗರ್‌ನಿಂದ ಬೆಳಗಿಸಿದರೆ ಈ ತೊಂದರೆಗಳೆಲ್ಲ ಬಹುಮಟ್ಟಿಗೆ ತಗ್ಗುತ್ತವೆ. ಆಗ ಕ್ಯಾಮೆರಾ ಗಾಜಿಗೆ ನೇರವಾಗಿಯೇ ನಿಲ್ಲಬಹುದು. ಬಿಸಿಲಿನಂತೆ ಮೇಲಿನಿಂದ ಇಳಿಯುವ ಬೆಳಕಿನಲ್ಲಿ ಮೀನಿನ ಬಣ್ಣವೂ ಸಹಜವಾಗಿ ಕಾಣುತ್ತದೆ. ಹೊಟ್ಟೆಯ ಭಾಗ ಕಪ್ಪಾಗುವುದು ಇದರ ದೋಷವಾದರೂ, ತಳದಲ್ಲಿ ತಿಳಿಬಣ್ಣದ ಮರಳಿದ್ದರೆ ಅದು ಬೆಳಕನ್ನು ಮೇಲಕ್ಕೆ ಚೆಲ್ಲಿ ನೆರಳನ್ನು ತುಸು ತೆಳುವಾಗಿಸುತ್ತದೆ. ಕ್ಯಾಮೆರಾದಲ್ಲಿ ಎಫ್/8 (ಲೆನ್ಸಿನ ರಂಧ್ರದ ಅಳತೆ), ಐಎಸ್ಒ 200 (ಬೆಳಕಿಗೆ ಸ್ಪಂದಿಸುವ ಮಟ್ಟ), 1/200 ಸೆಕೆಂಡಿನ ಶಟರ್ ವೇಗದಿಂದ ಆರಂಭಿಸಬಹುದು.

ಮನೆಯ ತೊಟ್ಟಿಗೆ ನನ್ನ ಆಯ್ಕೆ ಎರಡನೆಯದೇ; ಟ್ರಿಗರ್‌ಗೆ ಮಾಡುವ ಖರ್ಚು ಹೊಸ ಲೆನ್ಸಿನ ಖರ್ಚಿಗಿಂತ ಹೆಚ್ಚು ಸಾರ್ಥಕ. ಮುಚ್ಚಳವಿಲ್ಲದ ತೊಟ್ಟಿಯಾದರೆ ಮಾತ್ರ ಮೊದಲನೆಯದೇ ಕ್ಷೇಮ, ಏಕೆಂದರೆ ಫ್ಲ್ಯಾಶಿನೊಳಗೆ ನೂರಾರು ವೋಲ್ಟ್ ವಿದ್ಯುತ್ ಸಂಗ್ರಹವಾಗಿರುತ್ತದೆ.