ಕಂಪನಿ ಫಿಲ್ಟರ್, ಪೇಟೆ ಫಿಲ್ಟರ್, ತೊಳೆದ ಫಿಲ್ಟರ್: ನನ್ನ ಮೂರು ಮಿಷನ್‌ಗಳ ಲೆಕ್ಕ

ಬೆಂಗಳೂರಲ್ಲಿ ಮಣ್ಣು ಅಗೆಯುವ ಚೈನಿನ ಮಿಷನ್ ಯಾವ ಕಂಪನಿಯದೇ ಇರಲಿ, ಅದು ಹಿಟಾಚಿ. ಮುಂದೆ ದೊಡ್ಡ ಬಕೆಟ್ಟು, ಹಿಂದೆ ಸಣ್ಣದು ಇರುವ ಟಯರ್ ಗಾಡಿ ಯಾವುದಾದರೂ ಜೆಸಿಬಿ. ಆ ಲೆಕ್ಕದಲ್ಲಿ ನನ್ನ ಹತ್ತಿರ ಎರಡು ಹಿಟಾಚಿ, ಒಂದು ಜೆಸಿಬಿ ಇವೆ. ಹಿಟಾಚಿ ಎರಡೂ 20 ಟನ್ನಿನವು, ಒಂದೇ ಮಾಡೆಲ್, ಒಂದೇ ವರ್ಷದವು. ಹೋಲಿಸಿ ನೋಡಲು ಇಂಥ ಜೋಡಿ ಮತ್ತೆ ಸಿಗಲ್ಲ ಅನ್ನಿಸಿ ಒಂದೂವರೆ ವರ್ಷ ಹೈಡ್ರಾಲಿಕ್ ರಿಟರ್ನ್ ಫಿಲ್ಟರ್‌ಗಳನ್ನು, ಅಂದರೆ ಕೆಲಸ ಮುಗಿಸಿ ಟ್ಯಾಂಕಿಗೆ ವಾಪಸ್ ಬರುವ ಎಣ್ಣೆಯನ್ನು ಸೋಸುವ ಫಿಲ್ಟರ್‌ಗಳನ್ನು, ಅದಲುಬದಲು ಮಾಡಿ ಹಾಕಿದೆ. ಪ್ರತಿ ಸಲ ಎಣ್ಣೆಯ ಸ್ಯಾಂಪಲ್ ತೆಗೆದು ಪೀಣ್ಯದ ಒಂದು ಲ್ಯಾಬಿಗೆ ಕಳಿಸಿದೆ. ಮನೆಯವರು ತಲೆ ಕೆಟ್ಟಿದೆ ಅಂದರು. ಆದರೆ ಅದಕ್ಕೆ ಮೊದಲು ಒಂದು ಮೇನ್ ಪಂಪ್ ಕಳೆದುಕೊಂಡಿದ್ದೆ. ಆ ಬಿಲ್ ಕಟ್ಟಿದವನಿಗೆ ಲ್ಯಾಬ್ ಖರ್ಚು ಚಿಲ್ಲರೆ ಅನ್ನಿಸುತ್ತೆ.

ತೊಳೆದ ಫಿಲ್ಟರಿನಿಂದಲೇ ಶುರು ಮಾಡ್ತೀನಿ. ಯಾವ ಸೈಟಿಗೆ ಹೋದರೂ ಈ ಪದ್ಧತಿ ಇದೆ. 'ಸಾರ್, ಡೀಸೆಲ್‌ನಲ್ಲಿ ಅದ್ದಿ, ಕಂಪ್ರೆಸರ್ ಗಾಳಿ ಹೊಡೆದು ಹಾಕಿದ್ರೆ ಇನ್ನೂ ಇನ್ನೂರು ಗಂಟೆ ಓಡತ್ತೆ' ಅಂತ ನನ್ನ ಜೆಸಿಬಿ ಆಪರೇಟರ್ ಹೇಳ್ತಿದ್ದ. ಓಡೋದೇನೋ ಓಡುತ್ತೆ. ನಮ್ಮ ಅಜ್ಜಿ ರಾಗಿ ಹಿಟ್ಟನ್ನು ಜರಡಿ ಹಿಡಿದು, ಹಿಂದಿನಿಂದ ಎರಡು ಸಲ ತಟ್ಟಿದರೆ ಜರಡಿ ಮತ್ತೆ ಹೊಸದು. ಟ್ಯಾಂಕಿನ ತಳದಲ್ಲಿರುವ ಸಕ್ಷನ್ ಸ್ಟ್ರೈನರ್ ಅಂಥ ತಂತಿ ಜರಡಿ. ಅದನ್ನು ಖಂಡಿತ ತೊಳೆದು ಹಾಕಬಹುದು, ಹಾಕಬೇಕು ಕೂಡ. ರಿಟರ್ನ್ ಫಿಲ್ಟರ್ ಜರಡಿಯಲ್ಲ. ಅದರಲ್ಲಿರೋದು ಕಾಗದದ ಅಥವಾ ಗಾಜಿನ ನಾರಿನ ದಪ್ಪ ಹಾಸು. ಕೊಳೆ ಅದರ ಮೈಮೇಲೆ ಕೂರಲ್ಲ, ಒಳಗೆ ಹೊಕ್ಕು ಸಿಕ್ಕಿಕೊಳ್ಳುತ್ತೆ. ಡೀಸೆಲ್ ಹೊರಗಿನ ಕಪ್ಪನ್ನು ತೊಳೆಯುತ್ತೆ ಅಷ್ಟೆ. ಗಾಳಿ ಹೊಡೆದಾಗ ನಾರು ಅಲ್ಲಲ್ಲಿ ಹರಿದು ಹೋಗುತ್ತೆ. ಹರಿದದ್ದು ನಮಗೆ ಕಾಣಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್: ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಬರಿಗಣ್ಣಿಗೆ ಕಾಣೋದು 40 ಮೈಕ್ರಾನಿನವರೆಗೆ, ಈ ಫಿಲ್ಟರ್ ಹಿಡಿಯಬೇಕಾದ್ದು 10 ಮೈಕ್ರಾನಿನ ಕಣ. ತೊಳೆದ ಫಿಲ್ಟರ್ ಹಾಕಿ 200 ಗಂಟೆ ಓಡಿಸಿ ಸ್ಯಾಂಪಲ್ ತೆಗೆಸಿದೆ. 23/21/18 ಬಂತು.

ಈ ಮೂರು ಅಂಕೆ ಏನು ಅಂತ ಲ್ಯಾಬಿನ ಹುಡುಗ ಟೀ ಕುಡಿಯುತ್ತಾ ಹೇಳಿಕೊಟ್ಟ. ಐಎಸ್‌ಒ 4406 ಅನ್ನೋ ಅಳತೆ ಪ್ರಕಾರ ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4, 6, 14 ಮೈಕ್ರಾನಿಗಿಂತ ದೊಡ್ಡ ಕಣ ಎಷ್ಟಿವೆ ಅನ್ನೋದರ ಗುರುತು ಅದು. ಒಂದು ಅಂಕೆ ಏರಿದರೆ ಕಣಗಳು ಇಮ್ಮಡಿ. ಹಾಗಾಗಿ ಕಂಪನಿ ಫಿಲ್ಟರಿಗೆ ಬಂದ 19ಕ್ಕೂ ತೊಳೆದದ್ದರ 23ಕ್ಕೂ ಇರೋದು ನಾಲ್ಕರ ವ್ಯತ್ಯಾಸವಲ್ಲ, ಹದಿನಾರು ಪಟ್ಟು. ತೊಳೆಯುವ ಕಥೆ ಅಲ್ಲಿಗೆ ಮುಗೀತು.

ಅಗ್ಗದ ಪೇಟೆ ಮಾಲಿನ ಬಗ್ಗೆ ಜಾಸ್ತಿ ಬರೆಯಲ್ಲ, ಯಾಕೆಂದರೆ ಪಂಪ್ ನುಂಗಿದ್ದು ಅದೇ. ಮಿಷನ್ ಮಾಡಿದ ಕಂಪನಿಯದೇ ಫಿಲ್ಟರಿಗೆ 4,800 ರೂಪಾಯಿ ಇತ್ತು, ಇದಕ್ಕೆ 750. ಡಬ್ಬ ಚೆನ್ನಾಗಿತ್ತು, ಅಳತೆ ಸರಿಯಾಗಿತ್ತು, ರಬ್ಬರ್ ರಿಂಗೂ ಕೂತಿತ್ತು. ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬ್ರೇಕರ್ (ಬಕೆಟ್ ಜಾಗಕ್ಕೆ ಹಾಕುವ, ಬಂಡೆ ಒಡೆಯುವ ಸುತ್ತಿಗೆ) ಹೊಡೆಯುತ್ತಿದ್ದಾಗ ಮಿಷನ್ನಿನ ತೋಳು, ಅಂದರೆ ಬೂಮ್, ಎತ್ತೋದು ನಿಧಾನವಾಯಿತು, ಪಂಪಿನಿಂದ ಅಂಬೂ ಅನ್ನೋ ಸದ್ದು ಶುರುವಾಯಿತು. ಫಿಲ್ಟರ್ ಬಿಚ್ಚಿದರೆ ನಡುವಿನ ತಗಡಿನ ಕೊಳವೆ ಕಬ್ಬಿನ ಸಿಪ್ಪೆ ಥರ ಒಳಕ್ಕೆ ಮಡಚಿಕೊಂಡಿತ್ತು. ತುದಿಯ ಮುಚ್ಚಳದ ಅಂಟು ಬಿಟ್ಟು, ಅಷ್ಟು ದಿನ ಹಿಡಿದಿಟ್ಟ ಕೊಳೆಯೆಲ್ಲ ಒಂದೇ ಸಲ ಟ್ಯಾಂಕಿಗೆ ಇಳಿದಿತ್ತು. ಪಿಸ್ಟನ್ ಪಂಪಿನ ಒಳಗೆ ಲೋಹಕ್ಕೂ ಲೋಹಕ್ಕೂ ನಡುವೆ ಇರೋದು ಕೆಲವೇ ಮೈಕ್ರಾನ್ ಸಂದು, ಅದರಲ್ಲಿ ಸುಮಾರು 350 ಬಾರ್ ಒತ್ತಡ. ಮರಳುಕಾಗದ ಉಜ್ಜಿದ ಹಾಗೆ ಆಯಿತು.

ನಿಜವಾದ ಪೈಪೋಟಿ ಕಂಪನಿ ಫಿಲ್ಟರಿಗೂ, ಫಿಲ್ಟರ್ ಮಾಡೋದೇ ಕಸುಬಾಗಿರುವ ಹೆಸರಾಂತ ತಯಾರಕರ ಬದಲಿ ಫಿಲ್ಟರಿಗೂ. ಜೆಸಿ ರಸ್ತೆಯಲ್ಲಿ ಬದಲಿಗೆ 2,100 ಕೊಟ್ಟೆ. ಕೊಳ್ಳುವಾಗ ಅಂಗಡಿಯವರು '10 ಮೈಕ್ರಾನ್ ಸಾರ್' ಅಂತಾರೆ. ಅದೊಂದೇ ಕೇಳಿ ದುಡ್ಡು ಕೊಡಬೇಡಿ. 10 ಮೈಕ್ರಾನಿನ ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತೆ ಅನ್ನೋದೇ ಪ್ರಶ್ನೆ. ಅದಕ್ಕೆ ಬೀಟಾ ಅಂತ ಒಂದು ಸಂಖ್ಯೆ ಇದೆ. ಬೀಟಾ 2 ಅಂದರೆ ಬಂದ ಎರಡರಲ್ಲಿ ಒಂದು ದಾಟಿ ಹೋಯಿತು. ಬೀಟಾ 200 ಅಂದರೆ ಇನ್ನೂರಕ್ಕೆ ಒಂದು. ಎರಡರ ಡಬ್ಬದ ಮೇಲೂ 10 ಮೈಕ್ರಾನ್ ಅಂತಲೇ ಬರೆಯಬಹುದು! ನಾನು ತಂದ ಬದಲಿ ಫಿಲ್ಟರಿನ ಹಾಳೆಯಲ್ಲಿ 10 ಮೈಕ್ರಾನಿಗೆ ಬೀಟಾ 200 ಅಂತ ಇತ್ತು, ಒಳಗೆ ಗಾಜಿನ ನಾರು.

ಎರಡು ಹಿಟಾಚಿಗೂ ಒಂದೇ ಸೈಟು, ಎರಡಕ್ಕೂ ಬ್ರೇಕರ್. ಈ ಊರಿನ ಬಂಡೆ ಗೊತ್ತಲ್ಲ, ಲಾಲ್‌ಬಾಗಿನ ಗುಡ್ಡದ ಮೇಲೆ ತಲೆ ಎತ್ತಿರೋದೇ ಎಲ್ಲ ಬೇಸ್‌ಮೆಂಟಿನ ಕೆಳಗೂ ಮಲಗಿದೆ: ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಪಕ್ಕದಲ್ಲೇ ಮನೆಗಳಿರುವಾಗ ಸಿಡಿಮದ್ದು ಇಡೋ ಹಾಗಿಲ್ಲ, ದಿನವಿಡೀ ಕುಟ್ಟಬೇಕು. ಬ್ರೇಕರ್ ಹೊಡೆದಾಗ ಉಳಿಯ ಪಕ್ಕದಿಂದ ಕಲ್ಲಿನ ಪುಡಿ ಒಳಗೆ ಸೇರುತ್ತೆ, ಎಣ್ಣೆ ಬಿಸಿಯಾಗುತ್ತೆ, ವಾಪಸ್ ಬರುವ ಎಣ್ಣೆ ಒಂದೇ ಸಮ ಹರಿಯದೆ ಗುದ್ದುತ್ತಾ ಬರುತ್ತೆ. ಆ ಗುದ್ದಿಗೆ ಫಿಲ್ಟರ್ ಹಿಡಿದಿದ್ದ ಕಣ ಮತ್ತೆ ಸಡಿಲವಾಗುತ್ತೆ. ಬರೀ ಬಕೆಟ್ ಕೆಲಸಕ್ಕೆ 1,000 ಗಂಟೆ ಅಂತ ಬರೆದಿದ್ದ ಪುಸ್ತಕವೇ ಬ್ರೇಕರ್ ಇದ್ದರೆ 250ಕ್ಕೆ ಬದಲಿಸಿ ಅನ್ನುತ್ತೆ. ಬಾಡಿಗೆ ಮಿಷನ್ ಇಟ್ಟವರಲ್ಲಿ ಆ ಪುಟ ಓದಿದವರು ಕಡಿಮೆ.

250 ಗಂಟೆಗೆ ಸ್ಯಾಂಪಲ್ ತೆಗೆದರೆ ಕಂಪನಿಯದು 19/17/14, ಬದಲಿಯದು 20/18/14. ಒಂದು ಮೆಟ್ಟಿಲಿನ ವ್ಯತ್ಯಾಸ. ಆಪರೇಟರ್ ಕೈಚಳಕ ಇರಬಹುದು ಅಂತ ಮುಂದಿನ ಸುತ್ತಿನಲ್ಲಿ ಫಿಲ್ಟರ್ ಅದಲುಬದಲು ಮಾಡಿದೆ. ಆಗಲೂ ಕಂಪನಿಯದೇ ಒಂದು ಮೆಟ್ಟಿಲು ಮುಂದೆ. ನಾಲ್ಕು ಸುತ್ತಿನಲ್ಲಿ ಒಮ್ಮೆ ಮಾತ್ರ ಎರಡೂ ಸಮ ಬಂದವು. ಇನ್ನೊಂದು ಕಂಡೆ: ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಇರುವಾಗ ಎಣ್ಣೆ ಜೇನಿನ ಥರ ಗಟ್ಟಿ ಇರುತ್ತೆ, ಬದಲಿ ಹಾಕಿದ ಮಿಷನ್ನಿನ ಫಿಲ್ಟರ್ ದೀಪ ಹತ್ತು ನಿಮಿಷ ಉರಿಯುತ್ತಿತ್ತು. ದೀಪ ಉರಿಯುತ್ತಿದ್ದರೆ ಬೈಪಾಸ್ ವಾಲ್ವ್ ತೆರೆದುಕೊಂಡಿದೆ, ಎಣ್ಣೆ ಸೋಸದೆ ಹೋಗುತ್ತಿದೆ ಅಂತಲೇ ಇಟ್ಟುಕೊಳ್ಳಿ. ಕಂಪನಿಯದರಲ್ಲಿ ನಾಲ್ಕು ನಿಮಿಷಕ್ಕೆ ಆರುತ್ತಿತ್ತು. ಫಿಲ್ಟರಿನ ಹಾಸಿನ ಮಡಿಕೆ ಎಣಿಸಿದೆ, ಬದಲಿಯಲ್ಲಿ ಹತ್ತೊಂಬತ್ತು ಕಡಿಮೆ, ಅಂದರೆ ಸೋಸುವ ಜಾಗವೂ ಕಡಿಮೆ. ದುಡ್ಡು ಉಳಿಸಿದ್ದು ಅಲ್ಲಿ.

ಇಷ್ಟೇ ಆಗಿದ್ದರೆ ಕಂಪನಿಯದೇ ಹಾಕಿ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಮೂರನೇ ಸುತ್ತಿಗೆ ಎಣ್ಣೆಯನ್ನೂ ಬದಲಿಸಬೇಕಿತ್ತು. ಯಾಕೋ ಹೊಸ ಬ್ಯಾರಲ್ಲಿಂದಲೂ ಒಂದು ಸೀಸೆ ಸ್ಯಾಂಪಲ್ ಕಳಿಸಿದೆ. ಬಂದ ಉತ್ತರ: 22/20/17. ಆಗಷ್ಟೇ ಸೀಲ್ ತೆಗೆದ ಹೊಸ ಎಣ್ಣೆ ಮಿಷನ್ನಿನಲ್ಲಿ 250 ಗಂಟೆ ಕುದ್ದ ಎಣ್ಣೆಗಿಂತ ಕೊಳಕು! ಲ್ಯಾಬ್ ತಪ್ಪು ಮಾಡಿದೆ ಅಂತ ಫೋನ್ ಮಾಡಿ ರೇಗಿದೆ. ಅವರು ನಕ್ಕರು, ಹೊಸ ಎಣ್ಣೆ ಅಂದರೆ ಸೋಸಿದ ಎಣ್ಣೆ ಅಂತಲ್ಲ ಸಾರ್, ಬ್ಯಾರಲ್ ಎಲ್ಲಿಟ್ಟಿದ್ದೀರಿ ಅಂತ ಕೇಳಿದರು. ಶೆಡ್ಡಿನ ಹೊರಗೆ, ನೆಟ್ಟಗೆ. ಸಂಜೆ ಮಳೆ ಬಂದರೆ ಮೇಲಿನ ಅಂಚಿನಲ್ಲಿ ನೀರು ನಿಲ್ಲುತ್ತೆ. ಹಗಲು ಬಿಸಿಲಿಗೆ ಕಾದ ಬ್ಯಾರಲ್ ರಾತ್ರಿ ತಣ್ಣಗಾಗುವಾಗ ಆ ನೀರನ್ನೂ ಧೂಳನ್ನೂ ಬಿರಡೆಯ ಸಂದಿಯಿಂದ ಒಳಗೆ ಎಳೆದುಕೊಳ್ಳುತ್ತೆ. ಮೇಲೆ ನಾವು ಅದನ್ನು ಸುರಿಯುತ್ತಿದ್ದದ್ದು ಬಾಯಿ ಕುಯ್ದ ಡೀಸೆಲ್ ಕ್ಯಾನಿನಿಂದ, ಬನಿಯನ್ ಬಟ್ಟೆಯಲ್ಲಿ ಒರೆಸಿದ ಫನೆಲ್ ಇಟ್ಟು. ಆ ಬಟ್ಟೆಯ ಜುಂಗೇ ಸಾಕು.

ಆಮೇಲೆ ಫಿಲ್ಟರ್ ಗಾಡಿ ಬಾಡಿಗೆಗೆ ತಂದೆ. ಎರಡು ಚಕ್ರ, ಒಂದು ಸಣ್ಣ ಮೋಟಾರು, ಒಂದು 3 ಮೈಕ್ರಾನ್ ಫಿಲ್ಟರ್, ಅಷ್ಟೆ. ಬ್ಯಾರಲ್ಲಿಂದ ಟ್ಯಾಂಕಿಗೆ ಎಣ್ಣೆ ಅದರ ಮೂಲಕವೇ ಹೋಗಬೇಕು. ಮಿಷನ್ ನಿಂತಿರುವ ರಾತ್ರಿ ಟ್ಯಾಂಕಿನ ಎಣ್ಣೆಯನ್ನೇ ಐದಾರು ಗಂಟೆ ಸುತ್ತಿಸಬಹುದು, ಡಯಾಲಿಸಿಸ್ ಥರ. ದಿನಕ್ಕೆ 6,000 ಬಾಡಿಗೆ. ಗಾಡಿ ಓಡಿಸಿದ ಮರುದಿನ ಬದಲಿ ಫಿಲ್ಟರ್ ಹಾಕಿದ್ದ ಮಿಷನ್ನಿನಲ್ಲಿ 17/15/12 ಬಂತು. ಕಂಪನಿ ಫಿಲ್ಟರ್ ಒಂದೇ ಯಾವತ್ತೂ ಅಷ್ಟು ಇಳಿಸಿರಲಿಲ್ಲ. ಕಂಪನಿಯೋ ಬದಲಿಯೋ ಅಂತ ನಾನು ವರ್ಷವಿಡೀ ತಕ್ಕಡಿ ಹಿಡಿದದ್ದು ಒಂದು ಮೆಟ್ಟಿಲಿಗೆ. ಬಾಗಿಲಲ್ಲೇ ಮೂರು ಮೆಟ್ಟಿಲು ಕೊಳೆ ಒಳಗೆ ಬಿಡುತ್ತಿದ್ದೆ.

ಈಗ ನಡೆಸುತ್ತಿರೋದು ಹೀಗೆ. ಬ್ರೇಕರ್ ಹಿಟಾಚಿಗಳಿಗೆ ಕಂಪನಿ ಫಿಲ್ಟರ್, 250 ಗಂಟೆಗೆ. ಬ್ರೇಕರ್ ಕಳಚಿದಾಗ ಹೋಸ್ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತೋದಲ್ಲ, ತಿರುಪಿನ ಮುಚ್ಚಳ. ಜೆಸಿಬಿ ನೆಲಮಂಗಲದ ಕಡೆ ಮಣ್ಣು ತುಂಬುವ ಕೆಲಸದಲ್ಲಿದೆ. ಅದರದು ಗೇರ್ ಪಂಪ್, ಪಿಸ್ಟನ್ ಪಂಪಿನಷ್ಟು ನಾಜೂಕಲ್ಲ, ಒತ್ತಡವೂ ಕಡಿಮೆ. ಅದಕ್ಕೆ 500 ಗಂಟೆಗೆ ಬದಲಿ ಫಿಲ್ಟರ್ ಧಾರಾಳವಾಗಿ ಸಾಕು, ಅಲ್ಲಿ ಕಂಪನಿಯದಕ್ಕೆ ಎರಡು ಪಟ್ಟು ಕೊಡೋದು ದಂಡ. ಆದರೆ ಟ್ಯಾಂಕಿಗೆ ಗಾಳಿ ಹೋಗಿಬರುವ ಬ್ರೀದರ್ ಮುಚ್ಚಳ ಮೂರಕ್ಕೂ ಒಟ್ಟಿಗೆ ಬದಲಿಸ್ತೀನಿ, ನೆಲಮಂಗಲದ ಕೆಂಪು ಧೂಳು ಒಳಗೆ ಹೋಗೋ ದಾರಿ ಅದೇ. ಬ್ಯಾರಲ್ ಶೆಡ್ಡಿನೊಳಗೆ ಅಡ್ಡ ಮಲಗಿದೆ, ಎರಡು ಬಿರಡೆಯೂ ಗಡಿಯಾರದ ಮೂರು, ಒಂಬತ್ತರ ಜಾಗಕ್ಕೆ ಬರುವ ಹಾಗೆ. ಗಾಡಿಯನ್ನು ಸ್ವಂತಕ್ಕೇ ಕೊಂಡೆ. ಪಕ್ಕದ ಸೈಟಿನವರು ಆಗಾಗ ಕೇಳಿ ಒಯ್ಯುತ್ತಾರೆ, ಹಿಂದಿರುಗಿಸುವಾಗ ಪೈಪ್ ಮಾತ್ರ ಯಾವತ್ತೂ ಒರೆಸಿರಲ್ಲ.

ಬಿಚ್ಚಿದ ಫಿಲ್ಟರ್ ಯಾವುದನ್ನೂ ಈಗ ಹಾಗೇ ಬಿಸಾಡಲ್ಲ. ಹೊರ ಡಬ್ಬಿ ಕುಯ್ದು, ಮಡಿಕೆ ಬಿಡಿಸಿ, ಬಿಳಿ ಪಂಚೆ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡೀತೀವಿ. ಹಳೆ ಸ್ಪೀಕರಿನ ಅಯಸ್ಕಾಂತ ಒಂದು ಟೂಲ್ ಬಾಕ್ಸಲ್ಲಿದೆ. ಹೋದ ವಾರ ಜೆಸಿಬಿಯದು ಕುಯ್ದಾಗ ಕಪ್ಪು ಚೂರುಗಳು ಅಯಸ್ಕಾಂತಕ್ಕೆ ಹಾರಿ ಅಂಟಿಕೊಂಡವು, ಅವು ಮಾಮೂಲಿ. ಬಟ್ಟೆಯಲ್ಲೇ ಉಳಿದದ್ದು ಕುಂಕುಮದ ಚಿಟಿಕೆಗಿಂತ ಕಡಿಮೆ, ಹಳದಿ, ಮಿಣುಕುವಂಥದ್ದು. ಆಪರೇಟರ್, ಅದೇ ಡೀಸೆಲ್‌ನಲ್ಲಿ ತೊಳೆದು ಹಾಕುತ್ತಿದ್ದವನು, ಬೆರಳಲ್ಲಿ ತಿಕ್ಕಿ ನೋಡಿ 'ಹಿತ್ತಾಳೆ ಸಾರ್, ಪಂಪಿನ ಬುಷ್ ಸವೀತಿದೆ' ಅಂದ. ಪಂಪ್ ಇನ್ನೂ ಸದ್ದು ಮಾಡುತ್ತಿಲ್ಲ. ಭಾನುವಾರ ಬಿಚ್ಚಿಸ್ತಿದ್ದೀನಿ.