ಕತ್ತರಿ ಹಿಡಿದು ಓದಬೇಕಾದ ಪಠ್ಯ: ಟೆಸ್–ಇಂಡಿಯಾ ಶಿಕ್ಷಕ ತರಬೇತಿ ಸಾಮಗ್ರಿಯ ವಿಮರ್ಶೆ

ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಯೊಂದರಲ್ಲಿ ‘ತರಗತಿಯಲ್ಲಿ ತಂತ್ರಜ್ಞಾನ’ ಎಂಬ ವಿಷಯವನ್ನು ನಡೆಸಿಕೊಡುವ ಹೊಣೆ ನನ್ನ ಪಾಲಿಗೆ ಬಂದಾಗ, ಕನ್ನಡದಲ್ಲಿ ಸಿಗುವ ಸಾಮಗ್ರಿಯನ್ನು ಹುಡುಕುತ್ತ ಟೆಸ್–ಇಂಡಿಯಾ ಯೋಜನೆಯ ಘಟಕಗಳ, ಅಂದರೆ ಶಿಕ್ಷಕರಿಗಾಗಿ ಬರೆದ ಕಿರು ಪಾಠಗಳ, ಬಳಿಗೆ ಹೋದೆ. ಬ್ರಿಟನ್ ಸರ್ಕಾರದ ನೆರವಿನ ಹಣದಿಂದ, ಅಲ್ಲಿನ ಓಪನ್ ಯೂನಿವರ್ಸಿಟಿಯ ಮುಂದಾಳತ್ವದಲ್ಲಿ ಸಿದ್ಧವಾದ ಈ ಸಾಮಗ್ರಿಯನ್ನು ಕರ್ನಾಟಕವೂ ಸೇರಿ ಏಳು ರಾಜ್ಯಗಳ ಶಿಕ್ಷಕರಿಗಾಗಿ ರೂಪಿಸಲಾಗಿತ್ತು. ಮೂರು ಸಭೆಗಳಲ್ಲಿ ಇದನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸಾಮಗ್ರಿಯ ಗಾತ್ರ ಸಣ್ಣದಲ್ಲ. ಪ್ರಾಥಮಿಕ ಹಂತದ ಭಾಷೆ, ಇಂಗ್ಲಿಷ್, ಗಣಿತ, ವಿಜ್ಞಾನ, ಪ್ರೌಢ ಹಂತದ ಇಂಗ್ಲಿಷ್, ಗಣಿತ, ವಿಜ್ಞಾನ ಹೀಗೆ ಏಳು ವಿಭಾಗಗಳಿದ್ದು, ಪ್ರತಿಯೊಂದರಲ್ಲೂ 15ರಂತೆ ಒಟ್ಟು 105 ಘಟಕಗಳು ಶಿಕ್ಷಕರಿಗಾಗಿ ಇವೆ. ಮುಖ್ಯ ಶಿಕ್ಷಕರಿಗೆಂದೇ ಬರೆದ 20 ನಾಯಕತ್ವ ಘಟಕಗಳು ಬೇರೆ. ಇವುಗಳ ಜೊತೆಗೆ ಜೋಡಿ ಕೆಲಸ, ಗುಂಪು ಕೆಲಸ, ಪ್ರಶ್ನೆ ಕೇಳುವ ಬಗೆ, ಸ್ಥಳೀಯ ಸಂಪನ್ಮೂಲಗಳ ಬಳಕೆ ಮುಂತಾದವುಗಳ ಮೇಲೆ ಕಿರು ಟಿಪ್ಪಣಿಗಳೂ, ಭಾರತದ ತರಗತಿಗಳಲ್ಲಿಯೇ ಚಿತ್ರೀಕರಿಸಿದ ಚಿಕ್ಕ ವಿಡಿಯೊಗಳೂ ದೊರೆಯುತ್ತವೆ. ಎಲ್ಲವೂ ಉಚಿತ.

ನನಗೆ ಬೇಕಿದ್ದ ತಂತ್ರಜ್ಞಾನದ ಘಟಕ ಸಿಕ್ಕಿದ್ದು ಶಿಕ್ಷಕರ ವಿಭಾಗದಲ್ಲಲ್ಲ, ಮುಖ್ಯ ಶಿಕ್ಷಕರ ವಿಭಾಗದಲ್ಲಿ. ಶಾಲೆಯಲ್ಲಿ ತಂತ್ರಜ್ಞಾನದ ಬಳಕೆಗೆ ಮುಂದಾಳತ್ವ ವಹಿಸುವುದು ಹೇಗೆ ಎಂಬುದು ಅದರ ವಸ್ತು. ಮೊದಲಿಗೆ ಇದು ತಪ್ಪಾದ ಜಾಗ ಎನ್ನಿಸಿತು. ಎರಡನೆಯ ಓದಿಗೆ ಇದೇ ಸರಿಯಾದ ಜಾಗ ಎನ್ನಿಸಿತು. ಹಿಂದೊಮ್ಮೆ ನಾನು ಕುಳಿತಿದ್ದ ಕಂಪ್ಯೂಟರ್ ತರಬೇತಿಯೊಂದರಲ್ಲಿ ಐದು ದಿನಗಳ ಕಾಲ ಫೈಲು ತೆರೆಯುವುದು, ಅಕ್ಷರ ದಪ್ಪ ಮಾಡುವುದು, ಸ್ಲೈಡಿಗೆ ಬಣ್ಣ ಹಚ್ಚುವುದು ಇವನ್ನೇ ಕಲಿಸಲಾಯಿತು. ಕಲಿತು ಮರಳಿದ ನಮಗೆ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕು, ವೇಳಾಪಟ್ಟಿಯಲ್ಲಿ ಅದಕ್ಕೆ ಯಾವ ಅವಧಿ ಬಿಡಬೇಕು ಎಂಬುದೇ ಇತ್ಯರ್ಥವಾಗದೆ ಆ ವರ್ಷ ಕಳೆದುಹೋಯಿತು. ಆ ಇತ್ಯರ್ಥ ಮುಖ್ಯ ಶಿಕ್ಷಕರ ಕೈಯಲ್ಲಿದೆ. ಆದ್ದರಿಂದ ಅವರನ್ನು ಮೊದಲು ಮಾತಿಗೆ ಎಳೆದುಕೊಳ್ಳುವ ಘಟಕವು ರೋಗದ ಮೂಲವನ್ನು ಹಿಡಿದಿದೆ. ನಾಯಕತ್ವ ಘಟಕಗಳೆಲ್ಲವೂ ಓದುವವರಿಗೆ ‘ಕಲಿಕಾ ದಿನಚರಿ’ ಇಡಲು ಹೇಳುತ್ತವೆ. ತಮ್ಮ ಯೋಚನೆಗಳನ್ನೂ ಯೋಜನೆಗಳನ್ನೂ ಒಂದೆಡೆ ಬರೆದಿಟ್ಟುಕೊಳ್ಳುವ ಒಂದು ನೋಟ್‌ಬುಕ್ ಅದು. ಈಗಾಗಲೇ ಹತ್ತಾರು ದಾಖಲೆ ಪುಸ್ತಕಗಳನ್ನು ತುಂಬುತ್ತಿರುವ ನಮ್ಮ ಮುಖ್ಯ ಶಿಕ್ಷಕರಿಗೆ ಇನ್ನೊಂದನ್ನು ಸೂಚಿಸಲು ನನಗೆ ಧೈರ್ಯ ಸಾಲಲಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಆದರೆ ಈ ಘಟಕಕ್ಕೆ ವಯಸ್ಸಾಗಿದೆ. 2016ರಲ್ಲಿ ಅಗ್ಗದ ಮೊಬೈಲ್ ಡೇಟಾ ಹಳ್ಳಿಗಳನ್ನು ತಲುಪುವುದಕ್ಕೂ, 2017ರಲ್ಲಿ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾ ಬಂದು ಪಠ್ಯಪುಸ್ತಕಗಳ ಮೇಲೆ ಕ್ಯೂಆರ್ ಸಂಕೇತಗಳು ಕಾಣಿಸಿಕೊಳ್ಳುವುದಕ್ಕೂ ಮುಂಚಿನ ಬರಹವಿದು. ಕೊರೊನಾ ಕಾಲದಲ್ಲಿ ಪಾಠವನ್ನೆಲ್ಲ ವಾಟ್ಸ್‌ಆ್ಯಪ್ ಗುಂಪಿಗೆ ತುಂಬಿಸಿದ ಅನುಭವವುಳ್ಳ ಶಿಕ್ಷಕರು ಇದನ್ನು ಓದುವಾಗ, ಉಪಕರಣಗಳ ಬಗ್ಗೆ ಅದು ಹೇಳುವ ಮಾತುಗಳು ಹಳೆಯ ಪಂಚಾಂಗದಂತೆ ತೋರಿದರೆ ಅಚ್ಚರಿಯಿಲ್ಲ. ಯೋಜಿಸುವ ಕ್ರಮ ಮಾತ್ರ ಹಳತಾಗಿಲ್ಲ.

ತಂತ್ರಜ್ಞಾನವನ್ನು ಬದಿಗಿಟ್ಟು ಉಳಿದ ಘಟಕಗಳಿಗೆ ಹೋದಾಗ ನನಗೆ ಹೆಚ್ಚು ದಕ್ಕಿತು. ಅವುಗಳ ಶೀರ್ಷಿಕೆಗಳನ್ನೇ ಗಮನಿಸಬೇಕು: ಕಲಿಸುವ ವಿಧಾನ ಮೊದಲು, ಪಾಠದ ವಿಷಯ ಆಮೇಲೆ. ವಿಜ್ಞಾನದಲ್ಲಿ ಪರಿಕಲ್ಪನಾ ನಕ್ಷೆ (ವಿಚಾರಗಳ ನಡುವಿನ ನಂಟನ್ನು ತೋರುವ ಚಿತ್ರ) ಬಿಡಿಸುವುದನ್ನು ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಮೂಲಕ ಹೇಳಲಾಗಿದೆ. ಗಣಿತದಲ್ಲಿ ಮೈ ಕೈಗಳನ್ನು, ಕೈಗೆ ಸಿಗುವ ವಸ್ತುಗಳನ್ನು ಕಲಿಕೆಗೆ ಹಚ್ಚುವುದನ್ನು ಕೋನಗಳ ಮೂಲಕ ಹೇಳಲಾಗಿದೆ. ನಮ್ಮ ಶಿಕ್ಷಕರು ಹುಡುಕುವ ಕ್ರಮ ಇದಕ್ಕೆ ತಿರುಗುಮುರುಗು. ಮೊದಲ ಸಭೆಯಲ್ಲಿ ನಾನು ಕೋನಗಳ ಘಟಕವನ್ನು ಹಂಚಿದ ಕೂಡಲೇ ಹಿರಿಯ ಶಿಕ್ಷಕಿಯೊಬ್ಬರು, “ಸರ್, ಇದು ಎಷ್ಟನೇ ತರಗತಿಯ ಎಷ್ಟನೇ ಪಾಠ?” ಎಂದು ಕೇಳಿದರು. ಏಳು ರಾಜ್ಯಗಳಿಗೆ ಒಂದೇ ಅಚ್ಚಿನಿಂದ ತೆಗೆದ ಪಠ್ಯದಲ್ಲಿ ಅದಕ್ಕೆ ಉತ್ತರವಿಲ್ಲ. ಆ ಜೋಡಣೆಯನ್ನು ಬಳಸುವವರೇ ಮಾಡಿಕೊಳ್ಳಬೇಕು, ಮತ್ತು ಅದಕ್ಕೆ ಒಂದು ಸಂಜೆ ಪೂರ್ತಿ ಬೇಕು.

ಆ ಸಂಜೆಯನ್ನು ಕೊಟ್ಟರೆ ಸಿಗುವ ಪ್ರತಿಫಲ ಚೆನ್ನಾಗಿದೆ. ಪ್ರತಿ ಘಟಕವೂ ಇದು ಏಕೆ ಬೇಕು ಎಂಬ ವಿವರಣೆಯಿಂದ ಆರಂಭವಾಗಿ, ಒಬ್ಬ ಶಿಕ್ಷಕರ ತರಗತಿಯ ಪ್ರಸಂಗವನ್ನು ಮುಂದಿಟ್ಟು, ತರಗತಿಯಲ್ಲಿ ಮಾಡಿ ನೋಡುವ ಚಟುವಟಿಕೆಯನ್ನು ಕೊಟ್ಟು, ನಡುವೆ ನಿಂತು ಯೋಚಿಸಲು ಕೆಲವು ಪ್ರಶ್ನೆಗಳನ್ನು ಇಡುತ್ತದೆ. ಕೈಗಳನ್ನು ಚಾಚಿ ಲಘುಕೋನ, ವಿಶಾಲಕೋನ ಮಾಡಿ ತೋರಿಸುವ ಚಟುವಟಿಕೆಯನ್ನು ನಮ್ಮ ಸಭೆಯಲ್ಲಿ ಶಿಕ್ಷಕರಿಂದಲೇ ಮಾಡಿಸಿದಾಗ, ಕೈಯ ಉದ್ದ ಹೆಚ್ಚಿದರೆ ಕೋನವೂ ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಎದ್ದು ಇಪ್ಪತ್ತು ನಿಮಿಷ ವಾದ ನಡೆಯಿತು. ಇನ್ನೊಂದು ಸಂಗತಿಯೂ ಹಿಡಿಸಿತು. ಇಲಾಖೆಯ ಸುತ್ತೋಲೆಗಳಲ್ಲಿ ಶಿಕ್ಷಕರು ಇಂತಿಂಥದ್ದನ್ನು ಮಾಡತಕ್ಕದ್ದು ಎಂಬ ಧ್ವನಿಗೆ ನಮ್ಮ ಕಿವಿ ಒಗ್ಗಿಹೋಗಿದೆ. ಇಲ್ಲಿ ಓದುಗರನ್ನು ಆರಂಭದಿಂದ ಕೊನೆಯವರೆಗೆ ‘ನೀವು’ ಎಂದು ಕರೆದು, ನಿಮ್ಮ ತರಗತಿಯಲ್ಲಿ ಏನಾಯಿತು ಎಂದು ವಿಚಾರಿಸಲಾಗುತ್ತದೆ.

ಕೊರತೆಗಳಲ್ಲಿ ದೊಡ್ಡದು ವಿಡಿಯೊಗಳದ್ದು. ನಾನು ನೋಡಿದ ತರಗತಿಗಳಲ್ಲಿ ಮಕ್ಕಳು, ಶಿಕ್ಷಕರು ಹಿಂದಿಯಲ್ಲಿ ಮಾತಾಡುತ್ತಾರೆ. ಗುಂಪುಗಳನ್ನು ಹೇಗೆ ಕೂರಿಸಿದ್ದಾರೆ ಎಂಬುದು ಕಣ್ಣಿಗೆ ಕಾಣುತ್ತದೆ, ಆದರೆ ಶಿಕ್ಷಕರು ಒಂದು ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರು ಎಂಬ ಸೂಕ್ಷ್ಮ ನಮ್ಮವರಿಗೆ ಸಿಗುವುದಿಲ್ಲ. ಪ್ರಶ್ನಿಸುವ ಕಲೆಯ ಮೇಲಿನ ವಿಡಿಯೊದಲ್ಲಿಯೇ ಪ್ರಶ್ನೆ ಅರ್ಥವಾಗದಿದ್ದರೆ ಏನು ಪ್ರಯೋಜನ? ಘಟಕಗಳ ಕನ್ನಡವೂ ಇಂಗ್ಲಿಷಿನಿಂದ ಬಂದದ್ದಾದ್ದರಿಂದ ಗಟ್ಟಿಯಾಗಿ ಓದುವಾಗ ಅಲ್ಲಲ್ಲಿ ನಾಲಗೆ ತಡವರಿಸುತ್ತದೆ.

ಇಷ್ಟಾದರೂ ನಾನು ಇದನ್ನು ಶಿಫಾರಸು ಮಾಡುವುದಕ್ಕೆ ಮುಖ್ಯ ಕಾರಣ ಅದರ ಪರವಾನಗಿ. ಮೂಲದ ಹೆಸರು ಹೇಳಿ, ತಿದ್ದಿದ್ದನ್ನು ಅದೇ ಷರತ್ತಿನ ಮೇಲೆ ಹಂಚುವುದಾದರೆ, ಈ ಘಟಕಗಳನ್ನು ಯಾರು ಬೇಕಾದರೂ ಕತ್ತರಿಸಬಹುದು, ಬದಲಿಸಬಹುದು, ಅಚ್ಚು ಹಾಕಿಸಬಹುದು. ವರ್ಡ್ ಕಡತವಾಗಿಯೂ ಸಿಗುವುದರಿಂದ ತಿದ್ದುವುದು ಸುಲಭ. ಒಂದೇ ಎಚ್ಚರಿಕೆ: ತಿದ್ದಿದ ಪ್ರತಿಯಲ್ಲಿ ಟೆಸ್–ಇಂಡಿಯಾ, ಓಪನ್ ಯೂನಿವರ್ಸಿಟಿ ಮತ್ತು ಬ್ರಿಟಿಷ್ ನೆರವಿನ ಲಾಂಛನಗಳನ್ನು ಉಳಿಸಿಕೊಳ್ಳುವಂತಿಲ್ಲ. ಕೊಟ್ಟವರ ಮುದ್ರೆಯನ್ನು ತೆಗೆದ ಮೇಲೆಯೇ ಅದು ನಮ್ಮದಾಗುತ್ತದೆ ಎಂಬ ಈ ನಿಯಮವನ್ನು ಬರೆದವರು ಯಾವ ಉದ್ದೇಶದಿಂದ ಬರೆದರೋ, ನನಗಂತೂ ಅದು ಬಹಳ ಸಮಂಜಸವಾಗಿ ಕಂಡಿತು. 2012ರ ನವೆಂಬರಿನಲ್ಲಿ ಬ್ರಿಟನ್ ತಾನು ಭಾರತಕ್ಕೆ ಕೊಡುತ್ತಿದ್ದ ಹಣಕಾಸಿನ ಅನುದಾನವನ್ನು 2015ರ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನೆರವನ್ನು ನೋಡಿಕೊಳ್ಳುತ್ತಿದ್ದ ಇಲಾಖೆಯೇ 2020ರಲ್ಲಿ ಅಲ್ಲಿನ ವಿದೇಶಾಂಗ ಕಚೇರಿಯೊಳಗೆ ವಿಲೀನವಾಯಿತು. ಹಣ ನಿಂತರೂ ತಿದ್ದುವ ಹಕ್ಕು ನಿಲ್ಲಲಿಲ್ಲ.

ಹೋಲಿಕೆಗೆ ನಮ್ಮಲ್ಲಿಯೇ ಎರಡು ನಿದರ್ಶನಗಳಿವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ, ಚಿಕ್ಕ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿಯಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕಲಿಕಾ ಕಾರ್ಡುಗಳನ್ನು ಬರೆದರು. ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ಪ್ರಾಥಮಿಕ ತರಗತಿಗಳಿಗೆ ಹರಡಿತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿಯಲ್ಲಿ ಪ್ರೌಢಶಾಲಾ ಶಿಕ್ಷಕರು ಜಿಯೋಜಿಬ್ರಾ, ಫ್ರೀಪ್ಲೇನ್ ಮುಂತಾದ ಉಚಿತ ತಂತ್ರಾಂಶಗಳನ್ನು ಕಲಿಯುತ್ತಲೇ ಪಾಠ ಸಾಮಗ್ರಿಯನ್ನು ತಾವೇ ಬರೆದು ಸೇರಿಸಿದರು. ಆ ಪ್ರಯತ್ನದ ಮೇಲೆ ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಾದ ಐಡಿಆರ್‌ಸಿ ನೆರವಿನ ಸಂಶೋಧನೆಯೂ ನಡೆಯಿತು. ತಂತ್ರಾಂಶವನ್ನು ಕೈಯಾರೆ ಕಲಿಯಬೇಕೆನ್ನುವವರು ಟೆಸ್–ಇಂಡಿಯಾಕ್ಕಿಂತ ಮೊದಲು ಆ ವಿಕಿಗೆ ಹೋಗುವುದು ಒಳ್ಳೆಯದು. ಟೆಸ್–ಇಂಡಿಯಾದ ಬಲವಿರುವುದು ತರಗತಿಯನ್ನು ನಡೆಸುವ ಬಗೆಯಲ್ಲಿ; ಕಂಪ್ಯೂಟರ್ ಕಲಿಸುವ ಕೆಲಸವನ್ನು ಅದು ವಹಿಸಿಕೊಂಡೇ ಇಲ್ಲ.

ಆದುದರಿಂದ ಇದು ಒಬ್ಬರೇ ಕುಳಿತು ಮೊಬೈಲಿನಲ್ಲಿ ಓದಿ ಮುಗಿಸುವ ಸಾಮಗ್ರಿಯಲ್ಲ. ಸಿಆರ್‌ಪಿಗಳು (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು), ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಸಭೆ ನಡೆಸುವ ಹೊಣೆ ಹೊತ್ತ ಶಿಕ್ಷಕರು ಒಂದೊಂದೇ ಘಟಕವನ್ನು ತೆಗೆದುಕೊಂಡು, ನಮ್ಮ ಪಠ್ಯಪುಸ್ತಕದ ಪಾಠಕ್ಕೆ ಹೊಂದಿಸಿ, ಪ್ರಸಂಗಗಳಲ್ಲಿ ತಮ್ಮ ಊರಿನ ತರಗತಿಯನ್ನು ತಂದು ಬಳಸಿದರೆ ಮಾತ್ರ ಉಪಯೋಗ. ನಾವು ಕೋನಗಳ ಘಟಕವನ್ನು ನಾಲ್ಕು ಪುಟಕ್ಕೆ ಇಳಿಸಿ, ಆರನೆಯ ತರಗತಿಯ ಪಾಠಕ್ಕೆ ಹೊಂದಿಸಿ, ಲಾಂಛನಗಳನ್ನು ತೆಗೆದು, ಮೂಲದ ಹೆಸರನ್ನು ಕೆಳಗೆ ನಮೂದಿಸಿ ಅಚ್ಚು ಹಾಕಿಸಿದೆವು. ಪಾಠ ಎಷ್ಟನೆಯದು ಎಂದು ಕೇಳಿದ ಶಿಕ್ಷಕಿಯೇ ಅದರ ಎರಡನೆಯ ಪುಟವನ್ನು ಹೊಸದಾಗಿ ಬರೆದುಕೊಟ್ಟರು.