ಎಣ್ಣೆಯನ್ನಷ್ಟೇ ಅಲ್ಲ, ಡಬ್ಬಿಯನ್ನೂ ಪರೀಕ್ಷಿಸಿದ ಪ್ರಯೋಗಾಲಯ

ಒಗ್ಗರಣೆಗೆ ಬಳಸಿದ ಎಣ್ಣೆಯಲ್ಲಿ ಕೀಟನಾಶಕದ ವಾಸನೆ ಬಂದು, ಉಂಡವರಿಬ್ಬರಿಗೆ ವಾಂತಿಯಾದ ಮೇಲೆ, ನಗರದ ಖಾಸಗಿ ಆಹಾರ ಪರೀಕ್ಷಾಲಯವೊಂದಕ್ಕೆ ಆ ಎಣ್ಣೆಯನ್ನು ಒಯ್ದಿದ್ದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ತೀರಿಕೊಂಡಾಗ, ಅಡುಗೆ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಇದ್ದುದನ್ನು ಬಯಲಿಗೆಳೆದದ್ದು ವಿಧಿವಿಜ್ಞಾನ ಪರೀಕ್ಷೆಯೇ ಎಂಬುದು ನನ್ನ ಮನಸ್ಸಿನಲ್ಲಿತ್ತು.

ಇಲ್ಲಿನ ಸಿಬ್ಬಂದಿಯ ಶಿಸ್ತನ್ನು ಮನಸಾರೆ ಮೆಚ್ಚಿದೆ. ಎಣ್ಣೆಯನ್ನು ಶುಚಿಯಾದ ಗಾಜಿನ ಬಾಟಲಿಗೆ ಸುರಿದು, ಮೊಹರು ಹಾಕಿ, ಸಮಯ ಬರೆದು ನನ್ನಿಂದ ಸಹಿ ಪಡೆದದ್ದಲ್ಲದೆ, ಖಾಲಿ ಡಬ್ಬಿಯನ್ನೂ ಕೇಳಿ ಇರಿಸಿಕೊಂಡರು. ವಿಷವು ಎಣ್ಣೆಯೊಂದಿಗೇ ಬಂದಿತೋ, ಹಿಂದೆ ಕೀಟನಾಶಕ ತುಂಬಿದ್ದ ಡಬ್ಬಿಯಿಂದ ಸೇರಿತೋ ಎಂಬುದನ್ನು ಬೇರ್ಪಡಿಸದೆ ಇಂಥ ಆಕಸ್ಮಿಕದ ತನಿಖೆ ಮುಗಿಯುವುದಿಲ್ಲ. ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಪರೀಕ್ಷೆಗಳ ವರದಿಯು ಡಬ್ಬಿಯ ಒಳಗೋಡೆಯಲ್ಲೂ ಎಣ್ಣೆಯಲ್ಲೂ ಒಂದೇ ರಂಜಕಯುಕ್ತ ಕೀಟನಾಶಕವಿದೆಯೆಂದು ಸ್ಪಷ್ಟವಾಗಿ ಹೇಳಿತು.

ಆದರೆ ಒಂದು ಲೋಪವನ್ನು ಹೇಳಲೇಬೇಕು. ಈ ಬಗೆಯ ವಿಷವು ರಕ್ತದ ಕೋಲಿನೆಸ್ಟರೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಕುಗ್ಗಿಸುತ್ತದೆ. ರಕ್ತಪರೀಕ್ಷೆಗೆ ತಡಮಾಡಿದರೆ ಆ ಕಿಣ್ವ ಚೇತರಿಸಿಕೊಂಡು ಸಾಕ್ಷ್ಯವೇ ಮಸುಕಾಗುತ್ತದೆ. ಅಸ್ವಸ್ಥರ ರಕ್ತವನ್ನು ಕೂಡಲೇ ಪರೀಕ್ಷೆ ಮಾಡಿಸಿರೆಂಬ ಸಲಹೆ ನಮಗೆ ಸಿಕ್ಕಿದ್ದು ವರದಿಯ ದಿನ. ಶುಲ್ಕವನ್ನೂ ಮೊದಲೇ ತಿಳಿಸಬೇಕಿತ್ತು.